ಒಂಟಿಕಿವಿ ಬೆಸ್ಸಿಯ ಮನೆ

ಕುದುರೆಗಾಡಿ ಬೀದಿಯ ತಿರುವು ದಾಟಿದ ಕೂಡಲೇ ಡೆಲ್ಸೀನಾ ಲಗಾಮು ಬಿಗಿ ಹಿಡಿದಳು. ರೆಮಿಲ್ಡಾ ದೊಡ್ಡಮ್ಮನ ಮನೆಯ ಗೋಡೆಗೆ ಯಾರೋ ಹಿತ್ತಾಳೆಯ ಫಲಕ ಹೊಡೆಯುತ್ತಿದ್ದರು. ಹತ್ತಿರ ಬಂದು ಓದಿದಳು. 'ಕಡಲುಗಳ್ಳಿ ಒಂಟಿಕಿವಿ ಬೆಸ್ಸಿ ಇಲ್ಲಿ ವಾಸವಾಗಿದ್ದಳು.' ಗಾಡಿಯಲ್ಲಿದ್ದ ನಾಲ್ವರು ಪ್ರವಾಸಿಗರು ಆಗಲೇ ಫೋಟೋ ತೆಗೆಯುತ್ತಿದ್ದರು.

ಬೆಸ್ಸಿಯನ್ನು ಹುಟ್ಟಿಸಿದವಳು ಡೆಲ್ಸೀನಾ. ಹಡಗಿನಿಂದ ಇಳಿದವರಿಗೆ, ಹಿಂದೆ ಕಡಲುಗಳ್ಳರ ಬೀಡಾಗಿದ್ದ ದ್ವೀಪದ ನಾಸೋ ಪಟ್ಟಣ ತೋರಿಸುವ ಕೆಲಸಕ್ಕೆ ಸೇರಿದ ಮೊದಲ ವಾರ, ಹನ್ನೊಂದು ವರ್ಷದ ಹಿಂದೆ, ಕುದುರೆ ಈ ಮನೆಯೆದುರು ನಿಂತುಬಿಟ್ಟಿತ್ತು. ದೊಡ್ಡಮ್ಮ ಹಾಕುವ ಕಲ್ಲಂಗಡಿ ಸಿಪ್ಪೆಯ ರುಚಿ ಹತ್ತಿದ ಕುದುರೆ. ತಿಂದು ಮುಗಿಸದೆ ಹೆಜ್ಜೆ ಎತ್ತದು. ಗಾಡಿಯಲ್ಲಿದ್ದವರು ಆಕಳಿಸಿದರು. ಜನ ಸುಮ್ಮನಾದರೆ ಸಾಕು, ಡೆಲ್ಸೀನಾ ಏನಾದರೊಂದು ಹೇಳಲೇಬೇಕು. ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮನ ಎಡಗಿವಿ ಕಣ್ಣಿಗೆ ಬಿತ್ತು. ಚಿಕ್ಕಂದಿನಲ್ಲಿ ಮೀನಿನ ಬಲೆಗೆ ಓಲೆ ಸಿಕ್ಕಿ ಹರಿದುಹೋದ ಕಿವಿ. ಅದನ್ನು ನೋಡುತ್ತಲೇ ಬೆಸ್ಸಿ ಬಾಯಿಗೆ ಬಂದಳು. ಆಮೇಲೆ ದಿನಕ್ಕೆ ಮೂರು ಬಾರಿ ಬರುತ್ತಲೇ ಇದ್ದಳು.

ಈಗ ಪರಂಪರೆ ಸಮಿತಿಯ ಅಧಿಕಾರಿ ಸ್ಟರಪ್ ಫಲಕದ ಮೊಳೆಯ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿದ. "ತಿಂಗಳ ಕೊನೇಗೆ ಮನೆ ಖಾಲಿ ಮಾಡ್ಬೇಕಾಗತ್ತೆ ಅಮ್ಮಾ. ಇಲ್ಲಿ ಮ್ಯೂಸಿಯಂ ಬರುತ್ತೆ."

"ನೀನು ಸಿಪ್ರಿಯನ್ ಮಗ ಅಲ್ವೇನೋ?" ದೊಡ್ಡಮ್ಮ ಜಗಲಿಯಲ್ಲಿ ಕೂತಲ್ಲಿಂದ ಏಳಲಿಲ್ಲ. "ಚಡ್ಡಿ ಇಲ್ದೆ ಈ ಅಂಗಳದ ಸಪೋಟ ಮರ ಹತ್ತಿ ಕದ್ದು ತಿಂತಿದ್ದೆ. ಈ ಮನೇಲಿ ನಾನು ಕಂಡ ಕಡಲುಗಳ್ಳ ನೀನೊಬ್ಬನೇ."

ಡೆಲ್ಸೀನಾ ಗಾಡಿಯಿಂದ ಇಳಿದಳು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮನೆ. ದಾರಿಯುದ್ದಕ್ಕೂ ಮಾತನ್ನು ತೂಗಿ ಆಡುವವಳು ಈಗ ತೂಗಲಿಲ್ಲ. "ಸರ್, ಬೆಸ್ಸಿ ಅನ್ನೋಳೇ ಇರ್ಲಿಲ್ಲ. ಅದು ನಾನು ಕಟ್ಟಿದ ಕಥೆ."

ಗಾಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಇದೂ ಆಟದ ಒಂದು ಭಾಗವೆಂದು ತಿಳಿದಿದ್ದರು.

"ನೀವು ಕಟ್ಟಿದ್ರೆ ಊರಿನ ನಕ್ಷೇಲಿ ಹೇಗೆ ಬಂತು?" ಸ್ಟರಪ್ ನಕ್ಕ. "ನಮ್ಮ ಕೈಪಿಡೀಲಿದೆ. ಎರಡು ಪುಸ್ತಕದಲ್ಲಿದೆ."

"ಆ ಪುಸ್ತಕ ಬರೆದೋರು ನನ್ನ ಗಾಡೀಲೇ ಕೂತಿದ್ರು. ಅವರಿಗೆ ಹೇಳಿದ್ದೂ ನಾನೇ."

"ಅದು ನಿಮ್ಮ ವಿನಯ. ಈ ಮನೆ ನಿಮ್ಮದು ಅನ್ನೋಕೆ ನಿಮ್ಮ ಹತ್ರ ಕಾಗದ ಏನಿದೆ, ಅದನ್ನ ಹೇಳಿ."

ಏನೂ ಇರಲಿಲ್ಲ. ಈ ಓಣಿಯ ಅರ್ಧ ಮನೆಗಳ ಹಾಗೆ ಇದೂ ಅಜ್ಜಿಯಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ ಬಾಯಿಮಾತಿನಲ್ಲೇ ಬಂದದ್ದು. ಯಾರದೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಬರೆದಿಟ್ಟಿರಲಿಲ್ಲ.

"ಸಪೋಟ ಮರದ ಬುಡ ಅಗೆದು ನೋಡು," ಎಂದಳು ದೊಡ್ಡಮ್ಮ. "ನಮ್ಮನೇಲಿ ಹುಟ್ಟಿದ ಒಂದೊಂದು ಮಗೂದೂ ಹೊಕ್ಕುಳಬಳ್ಳಿ ಅಲ್ಲಿದೆ. ನಂದಿದೆ. ಬೆಸ್ಸೀನ ಹೆತ್ತಳಲ್ಲ ಈ ಮಹಾತಾಯಿ, ಇವಳದ್ದೂ ಇದೆ."

"ಹೊಕ್ಕುಳಬಳ್ಳೀನ ಕಡತದಲ್ಲಿ ಸೇರಿಸೋಕಾಗಲ್ಲ ಅಮ್ಮಾ."

ಅಷ್ಟರಲ್ಲಿ ಗಾಡಿಯಲ್ಲಿ ಬುರುಡೆ ಚಿತ್ರದ ಟೋಪಿ ಹಾಕಿ, ಬಿಸಿಲಿಗೆ ಸೀಗಡಿಯ ಹಾಗೆ ಕೆಂಪಾಗಿ ಕೂತಿದ್ದ ಹೆಂಗಸು ಕಿರುಚಿದಳು. "ಅಯ್ಯೋ, ಆ ಅಜ್ಜಿ ಕಿವಿ ನೋಡ್ರೀ! ವಂಶದಲ್ಲೇ ಬಂದಿದೆ!"

ಸ್ಟರಪ್ ತಿರುಗಿದ. ಕಿವಿಯನ್ನು ನೋಡಿದ, ಫಲಕವನ್ನು ನೋಡಿದ, ಮತ್ತೆ ಕಿವಿಯನ್ನು ನೋಡಿದ. ಅವನ ದನಿ ಬೆಣ್ಣೆಯಾಯಿತು. "ಮೊದಲೇ ಹೇಳಬಾರದಾ ಅಮ್ಮಾ? ವಂಶದವರು ಇದ್ರೆ ನಿಯಮವೇ ಬೇರೆ. ಮನೆ ನಿಮ್ಮ ಹೆಸರಿಗೇ ಆಗುತ್ತೆ. ಹಡಗು ಬಂದ ದಿನ ಹೀಗೇ ಜಗಲೀಲಿ ಕೂತಿದ್ರೆ ಸಾಕು." ಚೀಲದಿಂದ ಅರ್ಜಿ ನಮೂನೆ ತೆಗೆದ, ಅದರ ಮೇಲೆ ಸಮಿತಿಯ ಮೊಹರು ಆಗಲೇ ಬಿದ್ದಿತ್ತು. "ಬೆಸ್ಸಿ ನಿಮಗೇನಾಗಬೇಕು?"

ದೊಡ್ಡಮ್ಮ ಡೆಲ್ಸೀನಾಳನ್ನು ನೋಡಿದಳು. ಆ ನೋಟಕ್ಕೆ ಡೆಲ್ಸೀನಾ ತಲೆ ತಗ್ಗಿಸಿ ಕುದುರೆಯ ಲಗಾಮಿನ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

"ಅಜ್ಜಿ," ಎಂದಳು ದೊಡ್ಡಮ್ಮ.

"ಸ್ವಂತ ಅಜ್ಜೀನಾ?"

"ಬಾಡಿಗೆಗೂ ಸಿಗ್ತಾರೇನಪ್ಪ ಅಜ್ಜೀರು?"

ಕಡಲುಗಳ್ಳರ ಕಾಲಕ್ಕೂ ದೊಡ್ಡಮ್ಮನ ಅಜ್ಜಿಯ ಕಾಲಕ್ಕೂ ನಡುವೆ ನೂರೈವತ್ತು ವರ್ಷಕ್ಕೆ ಕಡಿಮೆಯಿಲ್ಲ. ಸ್ಟರಪ್ 'ಅಜ್ಜಿ' ಎಂದು ದುಂಡಗೆ ಬರೆದುಕೊಂಡ. ದೊಡ್ಡಮ್ಮ ಅವನ ಪೆನ್ನಿನಲ್ಲೇ ಸಹಿ ಹಾಕಿದಳು. ಎದ್ದುಹೋಗಿ ಕುದುರೆಯ ಮುಂದೆ ಕಲ್ಲಂಗಡಿ ಸಿಪ್ಪೆ ಸುರಿದಳು. ಗಾಡಿಯವರಿಗೆ ಕಿವಿ ಚೆನ್ನಾಗಿ ಕಾಣಲೆಂದು ತಲೆವಸ್ತ್ರ ಕಿತ್ತು ಹೆಗಲಿಗೆ ಹಾಕಿಕೊಂಡಳು.

"ನಮ್ಮಜ್ಜಿ ನಲವತ್ತು ವರ್ಷ ಬಂದರಿನಲ್ಲಿ ಕೂತು, ಸಮುದ್ರದಿಂದ ತಂದ ಸ್ಪಂಜು ಕತ್ತರಿಸಿ ಕತ್ತರಿಸಿ ಬೆರಳು ಸೊಟ್ಟ ಮಾಡ್ಕೊಂಡು ಈ ಮನೆ ಕಟ್ಟಿದ್ಲು," ಎಂದಳು ಸ್ಟರಪ್‌ನ ಕಡೆ ತಿರುಗಿ. "ಅದಕ್ಕೆ ಕಾಗದ ಎಲ್ಲಿ ಅಂದೆ. ನಾನು ಅವಳನ್ನ ಕಳ್ಳಿ ಅಂತ ಒಪ್ಕೊಂಡೆ ನೋಡು, ಕಾಗದ ನೀನೇ ಹಿಡ್ಕೊಂಡು ಬಂದೆ."

ಗಾಡಿಯಲ್ಲಿ ಮತ್ತೆ ಚಪ್ಪಾಳೆ ಬಿತ್ತು.