ನಲವತ್ತು ಬಾವಿಗಳ ವರದಿ

ಮುಥೈಗಾ ಬಡಾವಣೆ ದಾಟಿದರೂ ಬಿಳಿ ಕಾರು ಹಿಂದೆಯೇ ಇತ್ತು. ಇಂದಿಗೆ ಮೂರನೆಯ ದಿನ. ಸೂರ್ಯನಾರಾಯಣ ಕನ್ನಡಿಯಿಂದ ಕಣ್ಣು ಕಿತ್ತು, ಪಕ್ಕದ ಸೀಟಿನ ಮೇಲಿದ್ದ ವರದಿಯ ಮೇಲೆ ಕೈಯಿಟ್ಟ.

ಶ್ರೀಮಂತ ದೇಶವೊಂದು ಆರು ವರ್ಷದ ಹಿಂದೆ ಬಯಲಿನ ಹಳ್ಳಿಗಳಿಗೆ ನಲವತ್ತು ಕೊಳವೆಬಾವಿ ಕೊರೆಸಿಕೊಟ್ಟಿತ್ತು. ಆ ನೀರನ್ನು ಪರೀಕ್ಷಿಸುವ ಕೆಲಸ ನೈರೋಬಿಯ ಈ ಕೆಮಿಸ್ಟ್ರಿ ಮೇಷ್ಟರಿಗೆ ಬಂದಿತ್ತು. ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್. ಮಕ್ಕಳ ಹಲ್ಲು ಆಗಲೇ ಕಂದಾಗಿದ್ದವು. ಇನ್ನಷ್ಟು ವರ್ಷ ಕುಡಿದರೆ ಮೂಳೆ ಬಾಗುತ್ತದೆ. ಬಾವಿಗಳನ್ನು ಮುಚ್ಚಲೇಬೇಕು ಎಂದು ಬರೆದಿದ್ದ. ಅಲ್ಲಿನ ಮುದುಕಿಯೊಬ್ಬಳು ಆ ನೀರಿನ ತಂಬಿಗೆಯನ್ನು ದೇವರಿಗೆಂಬಂತೆ ಆಕಾಶಕ್ಕೆತ್ತಿ ತೋರಿಸಿ ಕೊಟ್ಟಾಗ, ಎಲ್ಲ ತಿಳಿದೂ ತೀರ್ಥದಂತೆ ಕುಡಿದು ಬಂದಿದ್ದ.

ಕಳೆದ ವಾರ ಯಾರೋ ಪ್ರಯೋಗಾಲಯದ ಡ್ರಾಯರ್ ತೆರೆದಿದ್ದರು. ಒಂದು ಹಾಳೆಯೂ ಹೋಗಿರಲಿಲ್ಲ. ಕೇಳದೆಯೇ ಅವನ ಕೆಲಸದ ಪರ್ಮಿಟ್ ಎರಡು ವರ್ಷ ಮುಂದುವರಿದಿತ್ತು. ಬಾಯಿ ಮುಚ್ಚಿಸುವ ಬೆಲೆ ಎಂದುಕೊಂಡ.

ಗಿಗಿರಿ ಬಡಾವಣೆಯಲ್ಲಿದ್ದ, ಬಾವಿ ಕೊರೆಸಿದ ದೇಶದ ಕಚೇರಿಯಲ್ಲಿ ಗುಮಾಸ್ತ ವಲೇರಿಯನ್ ಪಾಯಸ್ ಲಕೋಟೆ ನೋಡಿ ಬೆವರಿದ.

"ಮಾರಾಯ್ರೇ, ಇದನ್ನು ಕೊಡ್ಲೇಬೇಕಾ? ನಾಳೆ ನಿಮ್ಮನ್ನು ವಿಮಾನ ಹತ್ತಿಸ್ತಾರೆ."

"ವಿಮಲಾನೂ ಹಾಗೇ ಅಂದ್ಲು."

"ಹೆಂಡ್ತಿ ಮಾತು ಒಂದ್ಸಲ ಕೇಳಿದ್ರೆ ಮೇಷ್ಟ್ರ ಮರ್ಯಾದೆ ಹೋಗ್ತದಾ?"

"ಆ ಮಕ್ಕಳ ಹಲ್ಲು ನೋಡಿದೀನಿ, ವಲೇರಿಯನ್. ಸುಮ್ನಿದ್ರೆ ದೇವರ ಮುಂದೆ ಹೇಗೆ ನಿಲ್ಲಲಿ?"

ವಲೇರಿಯನ್ ಶಿಲುಬೆಯ ಗುರುತು ಹಾಕಿಕೊಂಡು ಬಾಗಿಲು ತೆರೆದ.

ಒಳಗೆ ಕಚೇರಿಯ ನಿರ್ದೇಶಕ ವರದಿಯನ್ನು ಕೊನೆಯ ಪುಟದವರೆಗೂ ಓದಿದ. ಎದ್ದು ಹೋಗಿ ಚಿಲಕ ಹಾಕಿದ. ಸೂರ್ಯನಾರಾಯಣ ಮನಸ್ಸಿನಲ್ಲೇ ನರಸಿಂಹಸ್ವಾಮಿಯನ್ನು ನೆನೆದ.

ನಿರ್ದೇಶಕ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಎಷ್ಟು ಚೆನ್ನಾಗಿ ಬರೆದಿದ್ದೀರಿ ಪ್ರೊಫೆಸರ್! ನಿಮಗೇನಾದರೂ ಆದೀತೆಂದು ಕಾರು ಬೇರೆ ಹಿಂದೆ ಕಳಿಸುತ್ತಿದ್ದೆ. ಇದನ್ನು ಹೊರಗಿನವರು, ಪ್ರಾಮಾಣಿಕರು ಬರೆಯಬೇಕಿತ್ತು. ನಾವೇ ಹೇಳಿದರೆ ಯಾರು ನಂಬುತ್ತಾರೆ?"

"ಹಾಗಾದರೆ ಬಾವಿ ಮುಚ್ಚಿಸುತ್ತೀರಾ?"

"ಛೆ, ಮುಚ್ಚುವುದೇಕೆ? ಬಾವಿ ನಮ್ಮ ದಾನ. ಇನ್ನು ಯಂತ್ರ ಕೊಡುತ್ತೇವೆ, ಸಾಲವಾಗಿ."

ಮೇಜಿನ ಮೇಲೆ ನಕ್ಷೆಯೊಂದನ್ನು ಹರಡಿದ. ನೀರಿನ ಫ್ಲೋರೈಡ್ ತೆಗೆಯುವ ನಲವತ್ತು ಯಂತ್ರಗಳು. ಎಲ್ಲವೂ ಅವನ ದೇಶದಲ್ಲೇ ತಯಾರಾಗುವಂಥವು. ಪ್ರತಿಯೊಂದರ ಪಕ್ಕದಲ್ಲಿ ಹಳ್ಳಿಯ ಹೆಸರು.

ನಕ್ಷೆಯ ಕೆಳಗೆ ತಾರೀಖಿತ್ತು: ಮೊದಲ ಬಾವಿ ಕೊರೆಯುವುದಕ್ಕೂ ಒಂದು ವರ್ಷ ಹಿಂದಿನದು.