ನಾಲ್ಕು ಹೆಸರು

"ಆ ರಕ್ತದ ಪಟ್ಟಿ ತೆಗ್ಯಪ್ಪಾ, ಬೇಗ!" ಎನ್ನುತ್ತ ದುರ್ಗಮ್ಮ ಕಡೂರಿನ ಓಂಕಾರೇಶನ ಕಂಪ್ಯೂಟರ್ ಅಂಗಡಿಗೆ ನುಗ್ಗಿದಾಗ ವಿಜಯದಶಮಿಯ ಬೆಳಿಗ್ಗೆ ಎಂಟೂವರೆ. ಓಂಕಾರೇಶ ಆಗಷ್ಟೇ ಬಾಗಿಲು ತೆರೆದು, ಹಿಂದಿನ ದಿನ ಆಯುಧ ಪೂಜೆಗೆ ಹಾಕಿದ್ದ ಸೇವಂತಿಗೆ ಹಾರಕ್ಕೆ ಕೈ ಹಾಕಿದ್ದ. ದುರ್ಗಮ್ಮನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಸ್ಪತ್ರೆಯಿಂದ ಹಾಗೇ ಓಡಿ ಬಂದಿದ್ದಳು.

"ಯಾರಿಗಮ್ಮಾ ರಕ್ತ?"

"ನನ್ ಸೊಸೆ ಪ್ರಿಯಾಂಕಂಗೆ ಕಣಪ್ಪಾ. ತುಂಬಿದ ಬಸುರಿ, ರಕ್ತ ಹೋಗ್ತಾನೇ ಐತೆ. ಹನ್ನೊಂದ್ ಗಂಟೆ ಒಳಗೆ ಆಪರೇಷನ್ ಆಗ್ಲೇಬೇಕಂತೆ. ಅವಳ್ದು ಅದೇನೋ ಬಾಂಬೆ ಗ್ರೂಪಂತೆ, ಬೇರೆ ರಕ್ತ ಆಗಾಕಿಲ್ವಂತೆ, ಅದು ಎಲ್ಲೂ ಸಿಗಾಕಿಲ್ವಂತೆ. ಬೆಂಗಳೂರಿಂದ ಹೊರಟೈತೆ, ಬರೋ ಹೊತ್ಗೆ ಮಧ್ಯಾಹ್ನ ಆಯ್ತದೆ. ನಿನ್ನ ಪಟ್ಟೀಲಿ ನಾಕ್ ಜನ ಅವ್ರೆ ಅಂತ ನರ್ಸಮ್ಮ ಹೇಳುದ್ರು."

ಇದ್ದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಬೈಕಿನಲ್ಲಿ ಸುತ್ತಿ ಓಂಕಾರೇಶ ಆರು ವರ್ಷದಿಂದ ಕೂಡಿಸಿದ್ದ ಸಾವಿರದ ಇನ್ನೂರು ರಕ್ತದಾನಿಗಳಲ್ಲಿ, ಹತ್ತು ಸಾವಿರಕ್ಕೊಬ್ಬರು ಸಿಕ್ಕರೆ ಹೆಚ್ಚು ಎನ್ನುವ ಆ ಗುಂಪಿನವರು ನಾಲ್ವರಿದ್ದರು. ಅದು ಅವನ ಹೆಮ್ಮೆ. ಊರವರ ಅರವತ್ತು ವೆಬ್‌ಸೈಟುಗಳನ್ನು ಇಟ್ಟುಕೊಂಡಿದ್ದ ಅವನ ಸರ್ವರಿನಲ್ಲೇ ಆ ಪಟ್ಟಿಯೂ ಇತ್ತು. ಹಾರ ಸರಿಸಿ ಪರದೆ ನೋಡಿದ.

ಕಪ್ಪು ಪರದೆ, ಕೆಂಪು ಅಕ್ಷರ. ಇಂಗ್ಲಿಷಿನಲ್ಲಿತ್ತು: ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ. ಕೀಲಿ ಬೇಕಿದ್ದರೆ ನಾಲ್ಕು ಸಾವಿರ ಡಾಲರ್. ಗಡುವು ಮೂರು ದಿನ. ಮಾತಾಡುವುದಿದ್ದರೆ ಇಲ್ಲಿ ಬರೆಯಿರಿ.

"ಅಯ್ಯೋ ಶಿವನೇ!" ಎಂದ ಓಂಕಾರೇಶ, ಬರೆದದ್ದನ್ನು ದುರ್ಗಮ್ಮನಿಗೆ ಕನ್ನಡದಲ್ಲಿ ಹೇಳಿದ.

ಎಚ್ಚರಿಕೆ ಬರಲಿಲ್ಲ ಎನ್ನುವ ಹಾಗೂ ಇರಲಿಲ್ಲ. ಸರ್ವರ್ ನಡೆಸುವ ತಂತ್ರಾಂಶದಲ್ಲಿ ದೋಷವಿದೆ, ಕಳ್ಳರು ಅಲ್ಲಿಂದಲೇ ನುಗ್ಗುತ್ತಿದ್ದಾರೆ, ಇವತ್ತೇ ಸರಿಪಡಿಸಿ ಎಂದು ಆ ತಂತ್ರಾಂಶದ ಕಂಪನಿಯಿಂದ ನಿನ್ನೆಯೇ ಮೇಲ್ ಬಂದಿತ್ತು. ಅಷ್ಟು ಹೊತ್ತಿಗೆ ಇವನು ಕುಂಕುಮ ಇಟ್ಟು, ಬೂದುಗುಂಬಳ ಒಡೆದು ಆಗಿತ್ತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರಾದರೂ ಮುಟ್ಟುತ್ತಾರೆಯೇ? ನಾಳೆ ನೋಡಿಕೊಂಡರಾಯಿತು ಅಂದುಕೊಂಡ. ಅಷ್ಟಕ್ಕೇ ಬಿಟ್ಟಿದ್ದರೂ ಬಚಾವಾಗುತ್ತಿದ್ದ. ಪ್ರತಿ ಶನಿವಾರ ಪಟ್ಟಿಯ ನಕಲು ತೆಗೆದು ಬೀರುವಿನಲ್ಲಿ ಇಡುತ್ತಿದ್ದ ಹಾರ್ಡ್ ಡಿಸ್ಕು ಇತ್ತಲ್ಲ, ಅದೂ ಆಯುಧವೇ ತಾನೇ ಎಂದು ಹೊರತೆಗೆದು, ಅದರ ನೀಲಿ ದೀಪ ಮಿನುಗಲಿ ಎಂದು ಸರ್ವರಿಗೇ ಸಿಕ್ಕಿಸಿ, ಎರಡಕ್ಕೂ ಸೇರಿಸಿ ಒಂದೇ ಹಾರ ಹಾಕಿದ್ದ ಪುಣ್ಯಾತ್ಮ! ಭಕ್ತಿ ಬೇಡ ಅನ್ನುವವರು ಯಾರು? ಆದರೆ ಕಳ್ಳನಿಗೆ ಹಬ್ಬ ಇರುವುದಿಲ್ಲ. ಅವನು ಎರಡಕ್ಕೂ ಬೀಗ ಜಡಿದು ಹೋಗಿದ್ದ.

"ನಾಕ್ರಲ್ಲಿ ಒಬ್ರ ಹೆಸ್ರಾದ್ರೂ ನೆನಪಿಲ್ವೇನೋ?" ದುರ್ಗಮ್ಮ ಅವನ ತೋಳು ಹಿಡಿದು ಅಲುಗಾಡಿಸಿದಳು.

"ಒಬ್ರು ಅಜ್ಜಂಪುರದೋರು ಕಣಮ್ಮಾ. ದಪ್ಪ ಮೀಸೆ ಇತ್ತು. ಹೆಸ್ರು... ಹೆಸ್ರು ಬರ್ತಿಲ್ಲ."

"ಮೀಸೆ ನೋಡ್ಕಂಡು ಅಜ್ಜಂಪುರ ಎಲ್ಲಾ ಹುಡುಕ್ಲಾ? ಅಲ್ಲೇನು ಮೀಸೆಗೆ ಬರವಾ?"

ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಓಂಕಾರೇಶ ಸುದ್ದಿ ಹಾಕಿದ. ಒಂದೇ ನಿಮಿಷದಲ್ಲಿ ನೂರಾರು ಕೈಮುಗಿಯುವ ಚಿತ್ರಗಳು ಬಂದವು. ರಕ್ತ ಕೊಡುತ್ತೇನೆ ಎಂದು ಒಬ್ಬರೂ ಬರೆಯಲಿಲ್ಲ. ಆ ನಾಲ್ವರು ಯಾವ ಗುಂಪಿನಲ್ಲೂ ಇರಲಿಲ್ಲವೋ, ಹಬ್ಬದ ಗಡಿಬಿಡಿಯಲ್ಲಿ ಫೋನು ನೋಡಿರಲಿಲ್ಲವೋ. ಗಡಿಯಾರ ಒಂಬತ್ತು ದಾಟಿತು.

"ಬೀಗ ಹಾಕ್ದೋನು ಯಾರು?" ದುರ್ಗಮ್ಮ ಕೇಳಿದಳು.

"ಯಾವ ದೇಶದೋನೋ ಏನೋ. ಮುಖ ಇಲ್ಲ, ಹೆಸ್ರಿಲ್ಲ."

"ಮಾತಾಡಕ್ಕಾಯ್ತದಾ?"

"ಬರೀಬೋದು. ಆದ್ರೆ ನಮ್ ಕಷ್ಟ ಇಂಥೋರ ಮುಂದೆ ಹೇಳ್ಬಾರ್ದು ಕಣಮ್ಮಾ."

"ಇದೊಳ್ಳೆ ಕಥೆ! ಕಷ್ಟ ಹೇಳ್ದೆ ಇನ್ನೇನ್ ಹೇಳ್ತೀಯ? ಬಸುರಿ ಹೆಂಗ್ಸು ಅಂದ್ರೆ ದರೋಡೆ ಮಾಡೋನೂ ದಾರಿ ಬಿಡ್ತಾನೆ. ಅವನ್ನೂ ಒಬ್ಬಳು ಹೆತ್ತಿರ್ತಾಳೆ. ಬರಿ ನೀನು."

ಬೇರೆ ದಾರಿಯಾದರೂ ಏನಿತ್ತು? ಓಂಕಾರೇಶ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದ. ದುರ್ಗಮ್ಮ ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿಕೊಟ್ಟಳು. ಹುಡುಗಿಗೆ ಇಪ್ಪತ್ತಮೂರು ವರ್ಷ. ಚೊಚ್ಚಲ ಹೆರಿಗೆ. ಹನ್ನೊಂದು ಗಂಟೆಯೊಳಗೆ ರಕ್ತ ಸಿಗದಿದ್ದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಮಿಕ್ಕಿದ್ದೆಲ್ಲ ನೀವೇ ಇಟ್ಟುಕೊಳ್ಳಿ, ನಾಲ್ಕು ಹೆಸರು, ನಾಲ್ಕು ನಂಬರು ಬಿಟ್ಟುಕೊಡಿ, ನಿಮ್ಮ ಕಾಲಿಗೆ ಬೀಳುತ್ತೇವೆ. ಕಳುಹಿಸಿದ.

ಇಬ್ಬರೂ ಪರದೆಯನ್ನೇ ನೋಡುತ್ತ ನಿಂತರು. ಐದು ನಿಮಿಷ ಕಳೆದಿರಬೇಕು, ಟಿಣ್ ಎಂದಿತು.

"ನೋಡ್ದಾ! ಕಳ್ಳ ಆದ್ರೇನು, ಕರುಳು ಚುರ್ ಅಂದೈತೆ." ದುರ್ಗಮ್ಮ ಕಣ್ಣೊರೆಸಿಕೊಂಡು ಪರದೆಗೆ ಕೈ ಮುಗಿದಳು. "ಓದಪ್ಪಾ, ಏನ್ ಬರ್ದವ್ನೆ?"

ಓಂಕಾರೇಶ ಪರದೆಯತ್ತ ಬಾಗಿ ಓದಿದ.

"ಹನ್ನೊಂದು ಗಂಟೆ ಎಂದು ತಿಳಿಸಿದ್ದಕ್ಕೆ ಧನ್ಯವಾದ," ಎಂದು ಬರೆದಿತ್ತು. "ಈಗ ದರ ಎಂಟು ಸಾವಿರ. ಗಡುವು ಹತ್ತೂವರೆ."