ಗಚ್ಛಾಮ್ರೀ

“ಮಿ ಅಂದ ಕೂಡಲೇ ಬಾಯಿ ಮುಚ್ಚಬೇಕು. ಮಿ ಆದಮ್ಯಾಲ ಏನೂ ಇಲ್ಲ, ತಿಳೀತಾ?” ಎಂದಳು ಯಶೋಧರಾ.

ವಿಹಾರದ ಚಾಪೆಯ ಮೇಲೆ ಬಿಳಿ ಸೀರೆ ಉಟ್ಟು ಕುಳಿತಿದ್ದ ಓಣಿಯ ಹೆಂಗಸರೆಲ್ಲ ತಲೆಯಾಡಿಸಿದರು. “ಬುದ್ಧಂ ಸರಣಂ” ತನಕ ನೆಟ್ಟಗೇ ಬಂದರು. ಅಲ್ಲಿಂದ ಮುಂದೆ ಬಾಯಿ ಅವರ ಮಾತು ಕೇಳಲಿಲ್ಲ. “ಗಚ್ಛಾಮ್ರೀ” ಎಂದು ಒಕ್ಕೊರಲಿನಿಂದ ಮುಗಿಸಿದರು.

“ಅಯ್ಯ, ಮತ್ತ ರೀ! ಇದು ಪಾಲಿ ಭಾಷಾ ಅದ ಕಾಕಿ. ಪಾಲಿದಾಗ ರೀ ಇಲ್ಲ.”

“ನಾವೇನು ಬೇಕಂತ ಅಂತೀವೇನ್ ಯವ್ವಾ?” ಎಂದಳು ಮುಂದಿನ ಸಾಲಿನ ಅಂಬುಬಾಯಿ. “ಅದು ತಾನಾ ಬರ್ತದ. ನಿಮ್ಮವ್ವ ಹಂಗ ಕಲಿಸ್ಯಾಳ.”

ತೊಂದರೆ ಇದ್ದದ್ದೇ ಅಲ್ಲಿ. ಅಂದು ಯಶೋಧರಾಳ ತಾಯಿ ರುಕ್ಮಿಣಿಬಾಯಿಯ ಮೊದಲ ವರ್ಷದ ಪುಣ್ಯಸ್ಮರಣೆ. ಭೂಸನೂರಿನ ಕಡೆ ಕಬ್ಬು ಕಡಿದು ಮಕ್ಕಳನ್ನು ಓದಿಸಿದವಳು ಆಕೆ. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಜೀಪಿನ ಮುಂದಿನ ಸೀಟಿನಲ್ಲಿ ಆಕೆಯೇ. ಆಳಂದದ ದವಾಖಾನೆ ಮುಟ್ಟುವ ತನಕ ಡ್ರೈವರನಿಗೆ ಬೈಗುಳ ತಪ್ಪುತ್ತಿರಲಿಲ್ಲ. ಈ ವಿಹಾರದ ಗೋಡೆ ಏಳುವಾಗ ಹೆಂಗಸರನ್ನು ಕಟ್ಟಿಕೊಂಡು ಇಟ್ಟಿಗೆ ಹೊತ್ತವಳೂ ಆಕೆಯೇ. ಅಕ್ಷರ ಬರುತ್ತಿರಲಿಲ್ಲ. ವಂದನೆಯನ್ನೆಲ್ಲ ಕಿವಿಯಿಂದ ಕಲಿತು, ಇಡೀ ಓಣಿಗೆ ಬಾಯಿಪಾಠ ಮಾಡಿಸಿದ್ದಳು.

ಇಂಥ ಅವ್ವನ ಬಗ್ಗೆ ಮಗಳಿಗೆ ಬೆಟ್ಟದಷ್ಟು ಹೆಮ್ಮೆ. ಈ ಒಂದು ‘ರೀ’ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳು. ಹೋದ ಬುದ್ಧ ಪೂರ್ಣಿಮೆಗೆ ಯಾರೋ ಈ ವಂದನೆಯನ್ನು ವಿಡಿಯೊ ಮಾಡಿ ವಾಟ್ಸ್ಯಾಪಿಗೆ ಬಿಟ್ಟಿದ್ದರು. ಅದು ಸುತ್ತಾಡಿ ಸುತ್ತಾಡಿ ಜೇವರ್ಗಿಯಲ್ಲಿ ಯಶೋಧರಾ ಕಲಿಸುವ ಶಾಲೆಯ ಸ್ಟಾಫ್ ರೂಮಿಗೂ ಬಂತು. “ಯಾವ ಪಂಡಿತರು ಕಲಿಸ್ಯಾರ್ರಿ ಮೇಡಂ ಇವರಿಗೆ?” ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಶೋಧರಾ ಗೊತ್ತಿಲ್ಲ ಎಂದಳು. ಇಂದು ವಂದನೆ ನಡೆಸಲು ಪಾಲಿ ಓದಿದ ಬೌದ್ಧ ಭಿಕ್ಷು ಭಂತೇಜಿ ಬರುವವರಿದ್ದರು, ಅಫಜಲಪುರದಿಂದ ಬೀಗರು ಬರುವವರಿದ್ದರು. ಅವ್ವನ ದಿನದಂದೇ ಯಾರೂ ಅವ್ವನ ಮೇಲೆ ನಗಬಾರದು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಭಂತೇಜಿ ಬಂದರು. ದೀಪ ಹಚ್ಚಿ ವಂದನೆ ಶುರುವಾಯಿತು. ಮೊದಲ ಸುತ್ತಿನಲ್ಲಿ ಹೆಂಗಸರು ಮಾತು ಉಳಿಸಿಕೊಂಡರು. ‘ಮಿ’ ಎಂದವರೇ ಟಪ್ಪನೆ ಬಾಯಿ ಮುಚ್ಚಿದರು. ಒಬ್ಬಿಬ್ಬರು ಸೆರಗನ್ನೂ ಅಡ್ಡ ಹಿಡಿದರು. ಯಶೋಧರಾಳಿಗೆ ನಿರಾಳವಾಯಿತು. ಎರಡನೆಯ ಸುತ್ತಿಗೆ ಅಂಬುಬಾಯಿ ಕಣ್ಣು ಮುಚ್ಚಿದ್ದೇ ತಪ್ಪಾಯಿತು, ಭಕ್ತಿ ಬಂದುಬಿಟ್ಟಿತು. ವಿಹಾರದ ತಗಡು ಅದುರುವಂತೆ “ಗಚ್ಛಾಮ್ರೀ!” ಎಂದಳು.

ಬೀಗರ ಸಾಲಿನಲ್ಲಿ ಕಿಸಕ್ಕನೆ ನಗೆ ಎದ್ದಿತು. ಎರಡು ಮೊಬೈಲು ಮೇಲೆ ಬಂದವು. ಭಂತೇಜಿ ವಂದನೆ ನಿಲ್ಲಿಸಿದರು.

“ಹಿಂಗ ಯಾರು ಕಲಿಸ್ಯಾರ್ರಿ ನಿಮಗ?” ಎಂದರು. ಮುಖದಲ್ಲಿ ನಗೆಯಿರಲಿಲ್ಲ.

ರುಕ್ಮಿಣಿಬಾಯಿಯ ಫೋಟೊ ಎದುರಿಗೇ ಇತ್ತು. ಹೆಂಗಸರೆಲ್ಲ ಅತ್ತ ಕಣ್ಣು ಹೋಗದಂತೆ ನೆಲ ನೋಡತೊಡಗಿದರು.

“ಯಾರೂ ಕಲಿಸಿಲ್ರಿ,” ಎಂದಳು ಅಂಬುಬಾಯಿ. “ನನಗ ಹಲ್ಲಿಲ್ಲ, ನಾಲಗಿ ಜಾರ್ತದ. ತಪ್ಪು ನಂದೇ ಅದ ರೀ.”

ಯಶೋಧರಾ ಬಯಸಿದಂತೆಯೇ ಆಗಿತ್ತು. ಅವ್ವನ ಹೆಸರು ಉಳಿದಿತ್ತು. ಆದರೆ ಅದಕ್ಕಾಗಿ ಆ ಮುದುಕಿ ತುಂಬಿದ ಸಭೆಯಲ್ಲಿ ತಲೆ ತಗ್ಗಿಸಬೇಕಾಯಿತು. ಅವ್ವ ಇದ್ದಿದ್ದರೆ ಇದಕ್ಕೇ ಮಗಳ ಬೆನ್ನಿಗೆರಡು ಬಿಗಿಯುತ್ತಿದ್ದಳು. ಯಶೋಧರಾ ಎದ್ದು ನಿಂತಳು.

“ಕಾಕಿ ಸುಳ್ಳು ಹೇಳಾಕತ್ತಾಳ್ರಿ ಭಂತೇಜಿ. ಕಲಿಸಿದಾಕಿ ನಮ್ಮವ್ವ. ಸಣ್ಣಾಕಿದ್ದಾಗ ನಾನೂ ಹಂಗೇ ಅಂತಿದ್ದೆ.”

ಭಂತೇಜಿ ಫೋಟೊ ನೋಡಿದರು, ಮಗಳನ್ನು ನೋಡಿದರು. ಆಮೇಲೆ ಅವರಿಗೂ ನಗೆ ತಡೆಯಲಾಗಲಿಲ್ಲ.

“ಗಚ್ಛಾಮಿ ಅಂದ್ರ ಹೋಗ್ತೇನಿ ಅಂತ. ನಿಮ್ಮವ್ವ ಹೋಗ್ತೇನ್ರಿ ಅಂದಾರ. ಅರ್ಥ ಏನು ಕೆಟ್ಟದ ಇದರಾಗ?”

ವಿಹಾರಕ್ಕೆ ವಿಹಾರವೇ ನಕ್ಕಿತು. ಬಿಗಿಹಿಡಿದಿದ್ದ ಬಾಯಿಗಳೆಲ್ಲ ಒಮ್ಮೆಲೇ ಸಡಿಲಾದವು, ಬೀಗರೂ ಮೊಬೈಲು ಕೆಳಗಿಟ್ಟು ನಕ್ಕರು. ಯಶೋಧರಾಳಿಗೆ ನಗುನಗುತ್ತಲೇ ಕಣ್ಣು ತುಂಬಿ ಬಂತು.

“ಆದ್ರ ಪುಸ್ತಕದಾಗ ಇಲ್ಲದ್ದು ಅವರು ಯಾಕ ಹಚ್ಚಿದ್ರು, ನಿಮಗೇನರ ಗೊತ್ತದೇನ್ರಿ?” ಎಂದು ಭಂತೇಜಿ ಅಂಬುಬಾಯಿಯ ಕಡೆ ತಿರುಗಿದರು.

ಅಂಬುಬಾಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

“ನಾನೂ ಒಮ್ಮಿ ಕೇಳಿದ್ದೆರಿ. ಅದಕ್ಕ ರುಕ್ಮಿಣಿ ಅಂದಳು: ‘ನಮ್ಮನ್ನ ಬಾ ಬೇ, ಹೋಗ್ ಬೇ ಅಂದೋರಿಗೆಲ್ಲ ಜಲ್ಮಪೂರ್ತಿ ರೀ ರೀ ಅಂದೀವಿ. ನಮ್ಮನ್ನ ಮನಷ್ಯಾರು ಅಂದೋರಿಗೆ ಒಂದು ರೀ ಅಂದ್ರ ಬಾಯಿ ಸವೀತದೇನ್ ಬೇ?’”